ನಡುಮನೆಯಲ್ಲಿ ಕಟ್ಟಿದ ದೋಣಿ

ಮಡಚುವ ಕಯಾಕ್ ದೋಣಿಗೆ ಅವಳು ತೆತ್ತದ್ದು ಒಂದು ಹಳೆಯ ಸ್ಕೂಟರಿನ ಬೆಲೆ, ಅದೂ ಯಾರೋ ಬಳಸಿ ಬಿಟ್ಟ ಮಾಲಿಗೆ. ಹುಟ್ಟಿನ ದುಡ್ಡು ಬೇರೆ, ತೇಲುವ ಜಾಕೀಟಿನದು ಬೇರೆ. ಅಲೆಯ ನೀರು ಒಳಗೆ ನುಗ್ಗದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ಲಂಗದಂಥದ್ದೊಂದು ಬರುತ್ತದೆ. ಅದರ ಬೆಲೆ ಕೇಳಿದ್ದೇ ನಕ್ಕುಬಿಟ್ಟು, ಮನೆಗೆ ಬಂದು ತಾನೇ ಹೊಲಿದುಕೊಂಡಳು. ಇಷ್ಟು ದುಡ್ಡಿನ ಲೆಕ್ಕ. ದುಡ್ಡಲ್ಲದ ಲೆಕ್ಕ ಇದಕ್ಕಿಂತ ದೊಡ್ಡದು. ದೋಣಿಯ ಚೀಲಕ್ಕೆ ಜಾಗ ಬೇಕೆಂದು ಬೀರುವಿನ ಮೇಲಿದ್ದ ಗಂಡನ ಕೆಟ್ಟ ರೇಡಿಯೋಗಳನ್ನು ಗುಜರಿಗೆ ಹಾಕಿದ್ದಕ್ಕೆ ಮನೆಯಲ್ಲಿ ಒಂದು ವಾರ ಮಾತು ನಿಂತಿತು. ನೀರಿಗೆ ಹೋಗುವ ಮುಂಚೆ ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು ಹೋಗಬೇಕು. ಹೋಗಿ ಬಂದ ಮೇಲೆ ನಾಲ್ಕು ದಿನ ಎಲ್ಲರ ಹತ್ತಿರವೂ ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ಒಳ್ಳೆಯವಳಾಗಿರಬೇಕು. ಎಲ್ಲಕ್ಕಿಂತ ದುಬಾರಿಯಾದದ್ದು ಈ ಕೊನೆಯದು.

ಅವಳು ಪರದೆ ಹೊಲಿಯುವವಳು. ಕಿಟಕಿಗೆ, ಬಾಗಿಲಿಗೆ, ಆಫೀಸಿನವರು ಹೇಳಿಕಳಿಸಿದರೆ ಸಭಾಂಗಣಕ್ಕೆ. ಹೊಲಿಗೆ ಯಂತ್ರ ಇದ್ದದ್ದು ಮನೆಯಲ್ಲೇ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಕಟ್ಟಡದವರಿಗೆಲ್ಲ ಅವಳು ಪರದೆಯಕ್ಕ. ಗಂಡ ಕ್ರೇನ್ ಆಪರೇಟರ್. ಬೆಳಿಗ್ಗೆ ಹೋಗಿ ಕ್ರೇನಿನ ನೆತ್ತಿಯ ಗೂಡು ಹೊಕ್ಕನೆಂದರೆ ಸಂಜೆ ಇಳಿಯುವವರೆಗೆ ಅವನಿಗೆ ಫೋನಿಲ್ಲ, ಕಂಪನಿಯ ಕಾನೂನು. ಮೂರನೆಯವರು ಅತ್ತೆ.

ದೋಣಿ ಮಡಚುವಂಥದ್ದೇ ಆಗಬೇಕಿತ್ತು, ಏಕೆಂದರೆ ಮೆಟ್ಟಿಲಿನ ತಿರುವಿನಲ್ಲಿ ಒಂದು ಮಂಚ ಹತ್ತಿಸುವುದಕ್ಕೇ ಕಟ್ಟಡದವರು ಹೆಣಗಾಡುತ್ತಿದ್ದರು. ಇದಾದರೆ ಚೀಲ ಬೆನ್ನಿಗೇರಿಸಿ, ಬಸ್ಸು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದರೆ ಹೊಳೆ ಕಡಲು ಸೇರುವ ಅಳಿವೆ. ದಂಡೆಯಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನು ಒಂದರೊಳಗೊಂದು ತೂರಿಸಿ ಉದ್ದನೆಯ ಬೆನ್ನೆಲುಬು ಮಾಡಬೇಕು. ಅಡ್ಡಕ್ಕೆ ಪಕ್ಕೆಲುಬುಗಳನ್ನು ಸಿಕ್ಕಿಸಬೇಕು. ತಿಂದಿಟ್ಟ ಮೀನಿನ ಮುಳ್ಳಿನಂತೆ ಕಾಣುವ ಅದನ್ನು ದೋಣಿಯ ಚರ್ಮದೊಳಕ್ಕೆ ನುಗ್ಗಿಸಿ ಬಿಗಿ ಮಾಡಬೇಕು. ಚರ್ಮವೆಂದರೆ ತಳಕ್ಕೆ ರಬ್ಬರು, ಮೇಲೆ ಡೇರೆಗೆ ಬಳಸುವಂಥ ದಪ್ಪ ಬಟ್ಟೆ. ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು. ಅಪರೂಪಕ್ಕೆ ಆಚೆಯ ಮರಳುದಿಬ್ಬದಲ್ಲಿ ಒಬ್ಬಳೇ ಡೇರೆ ಹಾಕಿ ರಾತ್ರಿ ಉಳಿದು ಬರುತ್ತಿದ್ದಳು. ನೀರಿನ ಮೇಲೆ ಕೂತಾಗ ಅವಳನ್ನು ಯಾರೂ ಯಾವ ಹೆಸರಿಂದಲೂ ಕರೆಯುತ್ತಿರಲಿಲ್ಲ. ಅಷ್ಟು ಸಾಕಿತ್ತು.

ಹೋದ ವರ್ಷ ಹಾಗೆ ದಿಬ್ಬದಲ್ಲಿ ಉಳಿದ ಒಂದು ಬೆಳಿಗ್ಗೆ ಫೋನು ಬಂತು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಉಪ್ಪುನೀರು ಕಂಡ ದೋಣಿಯನ್ನು ಸಿಹಿನೀರಲ್ಲಿ ತೊಳೆದು, ಒಂದೊಂದು ಕೊಳವೆಯನ್ನೂ ಒರೆಸಿ ಒಣಗಿಸಿ ಚೀಲಕ್ಕಿಡಬೇಕೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆ ದಿನ ಅದಕ್ಕೆ ಯಾರಿಗೆ ಪುರುಸೊತ್ತು? ಒದ್ದೆಯನ್ನೇ ತುರುಕಿಕೊಂಡು ಓಡಿ ಬಂದಳು. ಚೀಲ ಬೀರುವಿನ ಮೇಲೆ ಹೋಯಿತು, ಅಲ್ಲೇ ಉಳಿಯಿತು.

ನೀನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅನ್ನದೆ ಇದ್ದದ್ದರಿಂದ ಆ ಮಾತು ಮನೆಯಲ್ಲಿ ನಾಲ್ಕನೆಯವರಂತೆ ವಾಸವಾಗಿಬಿಟ್ಟಿತು. ಮೂಳೆ ಕೂಡಿತು, ಅತ್ತೆ ವಾಕರ್ ಹಿಡಿದು ನಡುಮನೆಯಿಂದ ಬಚ್ಚಲಿನವರೆಗೆ ಓಡಾಡುವಂತಾದರು. ಮೆಟ್ಟಿಲು ಮಾತ್ರ ಇಳಿಯಲಿಲ್ಲ. ಅತ್ತೆ ಇಳಿಯಲಿಲ್ಲವೆಂದರೆ ಸೊಸೆಯೂ ಇಳಿದಂತಲ್ಲ. ದಾರದ ಅಂಗಡಿ, ತರಕಾರಿ ಅಂಗಡಿ, ಅಷ್ಟರೊಳಗೆ ಅವಳ ಪ್ರಪಂಚ ಮುಗಿಯುತ್ತಿತ್ತು. ಅಲ್ಲಿದ್ದಾಗಲೂ ಒಂದು ಕಿವಿ ಮೂರನೆಯ ಮಹಡಿಯಲ್ಲೇ ಇರುತ್ತಿತ್ತು.

ಊರಿನ ಇನ್ನೊಂದು ತುದಿಯಲ್ಲಿ ಗಂಡನ ಅಕ್ಕ ಇದ್ದಳು, ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ. ಬಂದರೆ ಪಾಠ ಮುಗಿಸಿದಂತೆ ಎದ್ದು ಹೋಗುವವಳು. ಆಕೆಯನ್ನು ಒಂದು ರಾತ್ರಿಗೆ ಒಪ್ಪಿಸುವುದಕ್ಕೆ ಹೆಚ್ಚೂಕಡಿಮೆ ಒಂದು ವರ್ಷ ಹಿಡಿಯಿತು.

"ಶನಿವಾರ ಬೆಳಿಗ್ಗೆ ಬರ್ತೀನಿ, ಭಾನುವಾರ ಹೊರಡ್ತೀನಿ," ಅಂದಿದ್ದಳು ಅತ್ತಿಗೆ. "ಆದ್ರೆ ಅಮ್ಮನಿಗೆ ಒಂಚೂರು ಹೆಚ್ಚುಕಮ್ಮಿ ಇದೆ ಅಂದ್ರೆ ಮುಂಚೆನೇ ಹೇಳ್ಬಿಡು. ನನ್ನ ಕೈಲಾಗಲ್ಲ. ಆಮೇಲೆ ಇನ್ನೊಂದು ಸಲ ನನ್ನ ಕೇಳ್ಲೂಬೇಡ."

ಹಾಗಾಗಿ ಶುಕ್ರವಾರ, ಗಂಡ ಕೆಲಸಕ್ಕೆ ಹೋದ ಮೇಲೆ, ಅವಳು ಚೀಲ ಇಳಿಸಿದಳು. ಅಷ್ಟು ದಿನ ಮಡಚಿಟ್ಟ ದೋಣಿಯನ್ನು ಒಮ್ಮೆ ಕಟ್ಟಿ ನೋಡದೆ ನೀರಿಗಿಳಿಸುವುದು ಬುದ್ಧಿವಂತರ ಕೆಲಸವಲ್ಲ. ಕುರ್ಚಿಗಳನ್ನು ಕೋಣೆಗೆ ಸಾಗಿಸಿ ನಡುಮನೆಯಲ್ಲೇ ಜೋಡಿಸತೊಡಗಿದಳು. ಮುಂಬಾಗಿಲಿಗೆ ಮೂತಿ, ಅಡುಗೆಮನೆಯ ಹೊಸ್ತಿಲಿಗೆ ಬಾಲ. ಅತ್ತೆ ದಿವಾನದ ಮೇಲೆ ಕೂತು ಮೇಸ್ತ್ರಿಯಂತೆ ನೋಡುತ್ತಿದ್ದರು.

"ಇದಕ್ಕೆ ಎಷ್ಟು ಎಲುಬು ಕಣೇ! ಆ ಆಸ್ಪತ್ರೆಯವರು ನನ್ನ ಫೋಟೋ ತೆಗೆದಾಗ ನನಗೂ ಇಷ್ಟಿರಲಿಲ್ಲ."

"ನಿಮ್ಮದಕ್ಕೆ ಸ್ಕ್ರೂ ಹಾಕಿದಾರೆ ಅತ್ತೆ. ಇದಕ್ಕೆ ಅದೂ ಬೇಡ."

"ಹಾಗಾದ್ರೆ ಇದೇ ಗಟ್ಟಿ ಅನ್ನು."

ಬೆನ್ನೆಲುಬಿನ ಮುಂದಿನ ಎರಡು ಕೊಳವೆ ಸಲೀಸಾಗಿ ಕೂಡಲಿಲ್ಲ. ಒಳಗೆ ಒಣಗಿದ ಉಪ್ಪು ಮರಳಿನಂತೆ ಕರಕರ ಅಂದಿತು. ಅವಳು ಅಂಗೈಯಿಂದ ಗುದ್ದಿ ಗುದ್ದಿ ಕೂಡಿಸಿ, ಚೌಕಟ್ಟಿಗೆ ಚರ್ಮ ತೊಡಿಸಿ ಬಿಗಿ ಮಾಡಿದಳು. ಅಲ್ಲೇ ತಪ್ಪಿದ್ದು. ಬಲವಂತದಿಂದ ಒಳಗೆ ಹೋದದ್ದು ಬಿಚ್ಚುವ ಹೊತ್ತಿಗೆ ಹೊರಗೆ ಬರಲು ಒಪ್ಪಲಿಲ್ಲ. ದೋಣಿಯ ಬಾಯೊಳಗೆ ತೂರಿ ಜಗ್ಗಿದಳು, ತಿರುಚಿದಳು, ಪಾದ ಒತ್ತಿ ಎಳೆದಳು. ಕೈ ಕೆಂಪಾಯಿತೇ ಹೊರತು ಕೊಳವೆ ಜಗ್ಗಲಿಲ್ಲ. ಬಿಚ್ಚದಿದ್ದರೆ ಚೀಲವಿಲ್ಲ, ಚೀಲವಿಲ್ಲದಿದ್ದರೆ ಮೆಟ್ಟಿಲಿಲ್ಲ. ನಾಳೆಯಿಲ್ಲ.

"ಸೈಕಲ್ ಅಂಗಡೀಲಿ ಜಂಗು ಬಿಡಿಸೋ ಎಣ್ಣೆ ಸಿಗತ್ತೆ. ಹೀಗೆ ಹೋಗಿ ಹಾಗೆ ಬರ್ತೀನಿ. ಏಳ್ಬೇಡಿ," ಎಂದು ಚಪ್ಪಲಿ ಮೆಟ್ಟಿದಳು.

ಎಣ್ಣೆ ಡಬ್ಬಿ ಹಿಡಿದು ಬಾಗಿಲು ತೆಗೆದಾಗ ದಿವಾನ ಖಾಲಿ. ವಾಕರ್ ಗೋಡೆಯ ಹತ್ತಿರ ಮಕಾಡೆ ಬಿದ್ದಿತ್ತು. ಅವಳು ಬಚ್ಚಲಿನ ಕಡೆ ಓಡಿದಳು.

"ಬಚ್ಚಲಲ್ಲಿ ಹುಡುಕ್ಬೇಡ. ಇಲ್ಲಿದೀನಿ."

ಅತ್ತೆ ದೋಣಿಯೊಳಗೆ ಕೂತಿದ್ದರು. ದಿವಾನದ ಅಂಚಿನಿಂದ ಜಾರಿ, ವಾಕರ್ ಕೈತಪ್ಪಿ, ಧೊಪ್ಪನೆ ಕೂರುವ ಪಟ್ಟಿಯ ಮೇಲೆ ಇಳಿದುಬಿಟ್ಟಂತೆ ಕಂಡಿತು. ಕಾಲೆರಡೂ ಮುಂದಿನ ಬಟ್ಟೆಯ ಹೊದಿಕೆಯಡಿ ಮಾಯವಾಗಿದ್ದವು. ಸೀರೆ ಮಂಡಿಯ ಹತ್ತಿರ ಮುದ್ದೆಯಾಗಿತ್ತು. ಮುಖದಲ್ಲಿ ನೋವೂ ಇತ್ತು, ಸಿಕ್ಕಿಬಿದ್ದ ಕಳ್ಳರ ಕಳೆಯೂ ಇತ್ತು.

"ಪೆಟ್ಟಾಯ್ತಾ? ಸೊಂಟ?"

"ಸೊಂಟ ಸರಿಯಾಗಿದೆ. ಕಾಲು ಬರ್ತಿಲ್ಲ."

ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದಳು. ಅತ್ತೆ ಕಿರುಚಿದರು. ಟಾರ್ಚು ತಂದು, ನೆಲಕ್ಕೆ ಕೆನ್ನೆಯಿಟ್ಟು, ಹೊದಿಕೆಯ ಕತ್ತಲೊಳಗೆ ಬೆಳಕು ಬಿಟ್ಟಳು. ಬಲಗಾಲು ಪಾದವೂರುವ ಪಟ್ಟಿಯನ್ನು ದಾಟಿ, ಪಕ್ಕೆಲುಬಿಗೂ ಬೆನ್ನೆಲುಬಿನ ಕೊಳವೆಗೂ ನಡುವಿನ ಸಂದಿಯಲ್ಲಿ ಇಳಿದುಬಿಟ್ಟಿತ್ತು. ಹೋಗುವಾಗ ದೇಹದ ಭಾರ ತಳ್ಳಿದೆ, ಬರುವಾಗ ತಳ್ಳುವವರಿಲ್ಲ. ಕಾಲಿನ ಹರಡು, ಪಾದದ ಮೇಲಿನ ಗಂಟು, ಆಗಲೇ ಊದುತ್ತಿತ್ತು. ದೋಣಿಯ ಬಾಯಿ ತುಂಬ ಅತ್ತೆಯೇ ಇದ್ದದ್ದರಿಂದ ಅವಳ ಕೈ ಅಲ್ಲಿಗೆ ಎಟುಕಲಿಲ್ಲ. ಕೂರುವ ಪಟ್ಟಿಯಡಿ ಚೌಕಟ್ಟು ಸಡಿಲಿಸುವ ಸನ್ನೆಗೋಲೊಂದಿದೆ, ಅದನ್ನು ಎತ್ತಿದರೆ ಇಡೀ ದೋಣಿ ಸಡಿಲಾಗುತ್ತದೆ. ಆ ಸನ್ನೆಯ ಮೇಲೆ ಅತ್ತೆ ಕೂತಿದ್ದರು.

"ಎದುರುಮನೆಯವರನ್ನ ಕರೀತೀನಿ."

"ಆ ಸೈರನ್ನನ್ನಾ? ಅವಳು ಬಂದ್ರೆ ಐದನೇ ಮಹಡಿಯಿಂದ ಕಾವಲುಗಾರನವರೆಗೂ ಸಾಲು ನಿಂತು ನನ್ನ ನೋಡ್ಕೊಂಡು ಹೋಗ್ತಾರೆ. ಅವಳನ್ನ ಕರೆದ್ರೆ ನಾನು ಇದರಲ್ಲೇ ಪ್ರಾಣ ಬಿಡ್ತೀನಿ, ನೋಡ್ತಿರು."

ಎಣ್ಣೆಯನ್ನು ಹೊದಿಕೆಯ ಸಂದಿಯಿಂದ ಕಾಲಿನ ಮೇಲೆ ಸುರಿದಳು. ಕಾಲು ಜಾರಲಿಲ್ಲ, ಸೀರೆಗೆ ಮಾತ್ರ ಸೈಕಲ್ ಅಂಗಡಿಯ ವಾಸನೆ ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತಿಗೆ.

ಇಬ್ಬರೂ ಫೋನನ್ನೇ ನೋಡಿದರು. ನಿಜ ಹೇಳಿದರೆ ನಾಳೆ ಅನ್ನುವುದು ಈ ಕ್ಷಣಕ್ಕೆ ಮುಗಿಯಿತು. ಅವಳು ಎತ್ತಿದಳು.

"ಎಲ್ಲ ಸರಿ ಇದೆ ತಾನೇ? ಅಮ್ಮ ಏನು ಮಾಡ್ತಿದಾಳೆ?"

"ಕೂತಿದಾರೆ ಅಕ್ಕ."

"ಕೊಡು."

ಅವಳು ಫೋನನ್ನು ಅತ್ತೆಯ ಕಿವಿಗೆ ಹಿಡಿದಳು. ಅತ್ತೆ, "ಹ್ಞೂಂ ಕಣೇ, ದಿವಾನದ ಮೇಲೆ ಕೂತಿದೀನಿ," ಎಂದರು. "ಇಲ್ಲಪ್ಪ, ನೋವೇನಿಲ್ಲ. ... ಉಸಿರಾ? ಈಗ ತಾನೇ ಬಚ್ಚಲಿಗೆ ಹೋಗಿ ಬಂದೆ, ಅದಕ್ಕೆ. ... ಒಬ್ಬಳೇ ಹೋದೆ ಮತ್ತೆ! ... ಆಯ್ತು ಮೇಡಂ. ನೀನು ನಾಳೆ ಬಾ."

ಫೋನು ಇಟ್ಟ ಮೇಲೆ ಸೊಸೆಗೆ ನಗು ಬರಬೇಕಿತ್ತು. ಬರಲಿಲ್ಲ. ದಿವಾನದ ಅಂಚು, ದೋಣಿಯ ಬಾಯಿ, ಎರಡರ ನಡುವಿನ ಅಂತರ ಅವಳ ಕಣ್ಣಿಗೆ ಬಿತ್ತು. ಮೊಳ ಹಾಕಿ ಬಟ್ಟೆ ಅಳೆಯುವ ಕಣ್ಣು ಅದು. ಬಿದ್ದವರು ಅಷ್ಟು ನೇರವಾಗಿ ಕೂರುವ ಪಟ್ಟಿಯ ಮೇಲೇ ಬೀಳುವುದಿಲ್ಲ.

"ಬೇಕಂತಲೇ ಕೂತ್ರಾ?"

ಅತ್ತೆ ಎದುರಿನ ಗೋಡೆ ನೋಡಿದರು. "ಅರ್ಧ," ಎಂದರು.

"ಅರ್ಧ ಅಂದ್ರೆ?"

"ಅರ್ಧ ಆಸೆಗೆ. ಇದರಲ್ಲಿ ಕೂತು ಬಂದ ದಿನ ನಿನ್ನ ಮುಖ ಬೇರೆ ಥರ ಇರ್ತಿತ್ತು. ಅಂಥದ್ದೇನಿದೆ ನೋಡೋಣ ಅಂತ. ಏನೂ ಇಲ್ಲ ಬಿಡು. ಬೆನ್ನು ನೋಯತ್ತೆ."

"ಇನ್ನರ್ಧ?"

"ನಾನು ಕೂತಿದ್ರೆ ನೀನು ಬಿಚ್ಚೋಕಾಗಲ್ಲ ಅಂತ." ಅತ್ತೆಯ ದನಿ ಇಳಿಯಿತು. "ಸಂಜೆವರೆಗೂ ಕೂತು, ಆಮೇಲೆ ಎದ್ದುಬಿಡೋಣ ಅಂತಿದ್ದೆ. ಹೀಗೆ ಸಿಕ್ಕಾಕೊಳ್ತೀನಿ ಅಂತ ಯಾರಿಗೆ ಗೊತ್ತಿತ್ತು? ನನ್ನ ಮಗಳು ಒಳ್ಳೆಯವಳೇ ಕಣೇ. ಆದ್ರೆ ಬಚ್ಚಲಿಗೆ ಕರ್ಕೊಂಡು ಹೋಗೋದೂ ಡ್ರಿಲ್ ಮಾಡಿಸಿದ ಹಾಗೆ. ಎಡ, ಬಲ, ಬೇಗ. ನೀನಿಲ್ಲದ ರಾತ್ರಿ ಒಂದು ಸಲ ಬಿದ್ದಿದೀನಿ. ಇನ್ನೊಂದು ಸಲ ಬಿದ್ರೆ ಈ ಮನೆಯಿಂದ ನನ್ನ ಎತ್ಕೊಂಡೇ ಹೋಗ್ಬೇಕು. ಭಯ ಆಗತ್ತೆ."

"ಭಯ ಆಗತ್ತೆ ಅಂತ ಬಾಯಲ್ಲಿ ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನೀನು ಹೋಗ್ತಿರಲಿಲ್ಲ. ಆಮೇಲೆ ನಿನ್ನನ್ನ ಕಟ್ಟಿಹಾಕಿದ್ದು ನಾನೇ ಅಂತ ಆಗ್ತಿತ್ತು."

"ಈಗ ಯಾರು ಅಂತ ಆಯ್ತು?"

ಸೊಸೆ ಎದ್ದು ಹೋಗಿ ಯಂತ್ರದ ಮುಂದೆ ಬೆನ್ನು ತಿರುಗಿಸಿ ಕೂತಳು. ಅರ್ಧಕ್ಕೆ ಬಿಟ್ಟಿದ್ದ ಪರದೆಯ ಅಂಚನ್ನು ಸೂಜಿಯಡಿ ಇಟ್ಟು ಹೊಲಿಯತೊಡಗಿದಳು. ಇರಲಿ, ಸಂಜೆಯವರೆಗೂ ಕೂರಬೇಕೆಂದಿದ್ದರಲ್ಲ, ಕೂರಲಿ. ಗಂಡ ಬರುತ್ತಾನೆ, ಇಬ್ಬರೂ ಸೇರಿ ಅತ್ತೆಯನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿದರೆ ಸನ್ನೆ ಸಡಿಲಿಸಬಹುದು, ದೋಣಿಗೆ ಏನೂ ಆಗುವುದಿಲ್ಲ. ಬೆಳಿಗ್ಗೆ ಹೊರಡಬಹುದು. ಇಷ್ಟು ಲೆಕ್ಕವನ್ನು ಅವಳು ಕೆಟ್ಟ ಸಿಟ್ಟಿನಲ್ಲೂ ಸರಿಯಾಗಿಯೇ ಹಾಕಿದಳು. ಯಂತ್ರದ ಸದ್ದಿನಲ್ಲಿ ಹಿಂದಿನಿಂದ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸಬಾರದೆಂದೇ ಜೋರಾಗಿ ತುಳಿಯುತ್ತಿದ್ದಳು. ಹೊಲಿಗೆ ಸೊಟ್ಟಗೆ ಓಡಿತು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಅಂಥ ಸೊಟ್ಟ ಹೊಲಿಗೆ ಬಿದ್ದಿರಲಿಲ್ಲ.

ದಾರ ತುಂಡಾಗಿ ಯಂತ್ರ ನಿಂತಾಗ ಮನೆ ತೀರಾ ಸದ್ದಿಲ್ಲದೆ ಇತ್ತು. ತಿರುಗಿ ನೋಡಿದಳು. ಅತ್ತೆ ಎರಡೂ ಕೈಯಲ್ಲಿ ದೋಣಿಯ ಬಾಯಂಚನ್ನು ಹಿಡಿದು, ತುಟಿ ಕಚ್ಚಿ, ಕಣ್ಣು ಮುಚ್ಚಿದ್ದರು. ಹಣೆಯ ಮೇಲೆ ಬೆವರು.

"ಅತ್ತೆ?"

"ಏನಿಲ್ಲ. ಪಾದ ಜುಮ್ಮಂತಿದೆ. ಈಗ ಅದೂ ಇಲ್ಲ."

ಟಾರ್ಚು ಹಾಕಿ ನೋಡಿದಳು. ಹರಡು ಸಂದಿ ತುಂಬ ಊದಿಕೊಂಡಿತ್ತು, ಬೆರಳುಗಳಿಗೆ ನೇರಳೆ ಬಣ್ಣ ಏರಿತ್ತು. ಅವಳು ಕತ್ತರಿ ತಂದಳು. ಪರದೆಯ ದಪ್ಪ ಬಟ್ಟೆ ಕತ್ತರಿಸುವ ಉದ್ದನೆಯ ಕತ್ತರಿ.

"ಏಯ್, ಏನ್ ಮಾಡ್ತೀಯ?"

"ನೀವು ಸುಮ್ಮನಿರಿ."

"ಅವನು ಬರಲಿ ಕಣೇ. ಕಾಯ್ತೀನಿ. ನನಗೇನು ಅವಸರ ಇದೆ, ಎಲ್ಲಿಗೆ ಹೋಗ್ಬೇಕು ನಾನು? ಅದನ್ನ ಹರೀಬೇಡ. ನಿನ್ನ ಕಾಲಿಗೆ ಬೀಳ್ತೀನಿ ಅನ್ನೋಣ ಅಂದ್ರೆ ನನ್ನ ಕಾಲೇ ಸಿಗ್ತಿಲ್ಲ."

"ಮೇಲಿನದು ಬಟ್ಟೆ ತಾನೇ," ಅಂದಳು, ಅತ್ತೆಗಿಂತ ಹೆಚ್ಚಾಗಿ ತನಗೆ. "ಬಟ್ಟೆ ಹೊಲಿಯೋದು ನನ್ನ ಕಸುಬು. ಇವತ್ತೇ ಹೊಲಿದುಬಿಡ್ತೀನಿ."

ಕತ್ತರಿ ಹೊದಿಕೆಯನ್ನು ಉದ್ದಕ್ಕೆ ಸೀಳಿತು. ಬೆಳಕು ಬಿತ್ತು, ಕಾಲು ಕಂಡಿತು, ಕೈಗೂ ಸಿಕ್ಕಿತು. ಸಿಕ್ಕಿದ ಮೇಲೆ ಗೊತ್ತಾದದ್ದು, ಬಟ್ಟೆ ಹರಿದದ್ದರಿಂದ ಏನೂ ಆಗಲಿಲ್ಲ ಎಂದು. ಕಾಲನ್ನು ಹಿಡಿದಿದ್ದದ್ದು ಕೊಳವೆ. ಉಪ್ಪು ತಿಂದು ಕಚ್ಚಿಕೊಂಡ, ಬೆಳಿಗ್ಗೆಯಿಂದ ಅವಳು ಜಗ್ಗಿ ಸೋತಿದ್ದ ಅದೇ ಜಾಗ. ಅದು ಬಿಡಿಸಿಕೊಳ್ಳುತ್ತಿದ್ದರೆ ಈ ಸಂದಿಯೂ ಸಡಿಲಾಗುತ್ತಿತ್ತು. ಎಣ್ಣೆಯೆಲ್ಲ ಆಗಲೇ ಖಾಲಿಯಾಗಿತ್ತು, ಉಳಿದದ್ದು ಗಂಡನ ಗರಗಸ ಒಂದೇ. ಗರಗಸದ ತುದಿ ಆಚೆ ಹೋಗಬೇಕಾದರೆ ಪಕ್ಕದ ರಬ್ಬರನ್ನೂ ತೆರೆಯಬೇಕು. ಬಟ್ಟೆಗೆ ಹೊಲಿಗೆಯುಂಟು, ಬೆನ್ನೆಲುಬು ಕತ್ತರಿಸಿ ಬಗಲು ಸೀಳಿದ ದೋಣಿಗೆ ಏನೂ ಇಲ್ಲ.

ಅವಳು ಗರಗಸ ಹಿಡಿದು ದೋಣಿಯ ಪಕ್ಕ ಕೂತಳು. ಅತ್ತೆ ಈ ಸಲ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಮುಖ ಆಚೆ ತಿರುಗಿಸಿಕೊಂಡರು. ಸೊಸೆಗೆ ಆಗ ಅನ್ನಿಸಿದ್ದು ಇಷ್ಟೇ: ಇದನ್ನು ಮಾಡಿದ ಮೇಲೆ ಯಾರ ಮೇಲೂ ಸಿಟ್ಟು ಮಾಡುವಂತಿಲ್ಲ. ಮಾಡುವುದಾದರೆ ಈಗಲೇ ಮಾಡಿ ಮುಗಿಸಬೇಕು. ಒಂದು ಹೊಲಸು ಮಾತು ಅಂದಳು. ದೋಣಿಗೋ ಅತ್ತೆಗೋ ಉಪ್ಪಿಗೋ ಗೊತ್ತಾಗಲಿಲ್ಲ. ಅತ್ತೆ, "ಅನ್ನು, ಅನ್ನು," ಎಂದರು.

ಬಗಲಿನ ರಬ್ಬರು ಸೀಳಿ, ಒದ್ದೆ ಟವೆಲನ್ನು ಹರಡಿಗೆ ಸುತ್ತಿ ಕೊಳವೆ ಕೊಯ್ಯತೊಡಗಿದಳು. ಅಲ್ಯೂಮಿನಿಯಂ ಹಲ್ಲು ಜುಮ್ಮೆನ್ನುವಂತೆ ಕೂಗಿತು. ಎದುರುಮನೆಯ ಬಾಗಿಲು ತೆರೆಯಿತು.

"ಪರದೆಯಕ್ಕಾ, ಏನ್ರೀ ಅದು ಸದ್ದು?"

"ಪರದೆಯ ಸರಳು ಕೊಯ್ತಿದೀನಿ!"

"ನಿಮ್ಮತ್ತೆ ಮಲಗಿಲ್ವಾ?"

"ಮಲಗಿದೀನಿ!" ಎಂದು ಅತ್ತೆ ಒಳಗಿಂದ ಕೂಗಿಬಿಟ್ಟರು. ಹೊರಗೆ ಬಾಗಿಲು ಮುಚ್ಚಿಕೊಂಡಿತು. ಗರಗಸ ಹಿಡಿದವಳಿಗೆ ನಗು ತಡೆಯಲಾಗಲಿಲ್ಲ; ಕಣ್ಣೀರು ಬಂದದ್ದು ಅದರಿಂದಲೇ ಎಂದು ಬೇಕಾದರೆ ಹೇಳಬಹುದಿತ್ತು.

ಕೊಳವೆ ತುಂಡಾಯಿತು. ಪಕ್ಕೆಲುಬು ಸಡಿಲಾಗಿ ಕಾಲು ಬಿಡಿಸಿಕೊಂಡಿತು. ಅವಳು ಅತ್ತೆಯನ್ನು ಮಗುಚಿ, ಮೊಣಕೈ ಊರಿಸಿ, ಇಂಚಿಂಚಾಗಿ ದಿವಾನಕ್ಕೆ ಏರಿಸಿದಳು. ಮೊದಲು ಬಚ್ಚಲು. ಆಮೇಲೆ ತಣ್ಣೀರಿನ ಬಟ್ಟೆ. ನೇರಳೆ ಬೆರಳಿಗೆ ಮೆಲ್ಲನೆ ಕೆಂಪು ತಿರುಗಿತು. ಅತ್ತೆ ಒಂದೊಂದೇ ಬೆರಳನ್ನು ಅಲ್ಲಾಡಿಸಿ ತೋರಿಸಿದರು.

ದೋಣಿ ಈಗ ಸುಲಭವಾಗಿ ಬಿಚ್ಚಿಕೊಂಡಿತು. ತುಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅತ್ತೆ ಹೇಳಿದರು:

"ನಾಳೆ ಹೋಗು."

"ಯಾತರಲ್ಲಿ ಹೋಗ್ಲಿ?"

"ಬಸ್ಸಲ್ಲಿ. ಚೀಲ ಹಾಕ್ಕೊಂಡು ಹೋಗು. ದೋಣಿ ಮುರಿದಿದೆ ಅಂತ ಅವಳಿಗೆ ಯಾರು ಹೇಳಿದ್ರು? ನಾಳೆ ತಪ್ಪಿದ್ರೆ ಅವಳು ಇನ್ನು ಈ ಜನ್ಮದಲ್ಲಿ ಬರಲ್ಲ."

"ನಿಮಗೆ ಭಯ ಅಂದ್ರಲ್ಲ."

"ಭಯ ಇದೆ. ರಾತ್ರಿ ನೀರು ಕುಡಿಯಲ್ಲ, ಏಳೋ ಪ್ರಮೇಯ ಬರಲ್ಲ. ನನಗೆ ಕಾಲುಚೀಲ ಹಾಕು, ಊತ ಕಾಣದ ಹಾಗೆ."

ಸಂಜೆ ಬಂದ ಗಂಡನಿಗೆ ನಿಜ ಹೇಳಿದರು. ಅವನು ಅಮ್ಮನ ಕಾಲು ನೋಡಿದ, ಹೆಂಡತಿಯ ಮುಖ ನೋಡಿದ, ತನ್ನ ಗರಗಸದ ಮೊಂಡಾದ ಹಲ್ಲು ನೋಡಿದ. "ಅಕ್ಕನಿಗೆ ಹೇಳಲ್ಲ," ಎಂದಷ್ಟೇ ಹೇಳಿ ಕೈ ತೊಳೆಯಲು ಹೋದ.

ಶನಿವಾರ ಬೆಳಿಗ್ಗೆ ಅತ್ತಿಗೆ ಬಾಗಿಲಲ್ಲೇ ಚೀಲ ನೋಡಿ, "ಇಷ್ಟು ಭಾರ ಹೊತ್ಕೊಂಡು ಅದೇನು ಸುಖ ಕಾಣ್ತೀಯೋ," ಎಂದಳು. ಅವಳು ಮೂರು ಮಹಡಿ ಇಳಿದು, ಬಸ್ಸು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದಳು. ದಂಡೆಯಲ್ಲಿ ದೋಣಿ ರಿಪೇರಿಯವನು ತುಂಡುಗಳನ್ನು ಹೊರಳಿಸಿ ನೋಡಿದ. ಕಟ್ಟಬಹುದು, ಆದರೆ ಕಟ್ಟಿದ್ದು ಮತ್ತೆ ಮಡಚುವುದಿಲ್ಲ, ಉಪ್ಪುನೀರಿನಲ್ಲಿ ನಂಬಿ ದೂರ ಹೋಗುವಂತೆಯೂ ಇಲ್ಲ ಎಂದ. ಅವಳು ಚೀಲವನ್ನು ಅವನಿಗೇ ಬಿಟ್ಟಳು. ನೀರು ಎದುರಿಗೇ ಇತ್ತು. ದಿಬ್ಬವೂ ಕಾಣುತ್ತಿತ್ತು. ಸ್ವಲ್ಪ ಹೊತ್ತು ನಿಂತಳು. ಹೋಗಲಾಗದ ಜಾಗವನ್ನು ಎಷ್ಟು ಹೊತ್ತು ನೋಡುವುದು? ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದಳು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಚಾಚಿದರೆ ಕೈಗೆ ಸಿಗುವಷ್ಟು ಹತ್ತಿರ. ಮಂಚದ ಮೇಲೆ ಕೂತು ಮನೆಗೆ ಫೋನು ಮಾಡಬೇಕೆನ್ನಿಸಿ ಮಾಡಲಿಲ್ಲ. ಬೇಗ ಮಲಗಿದಳು. ಯಾರೂ ಎಬ್ಬಿಸಲಿಲ್ಲ.

ಭಾನುವಾರ ಮನೆ ಮುಟ್ಟಿದಾಗ ಅತ್ತೆ ಬೀಳದೆ, ಕಾಲುಚೀಲ ತೆಗೆಯದೆ, ದಿವಾನದ ಮೇಲೆ ಕೂತಿದ್ದರು. ಹೊರಡುವ ಅವಸರದಲ್ಲಿದ್ದ ಅತ್ತಿಗೆ ಚೀಲ ಎಲ್ಲೆಂದೂ ಕೇಳದೆ ಚಪ್ಪಲಿ ಮೆಟ್ಟುತ್ತಾ, "ಅಮ್ಮ ಏನೂ ತೊಂದರೆ ಕೊಡಲಿಲ್ಲ. ಬೇಕಿದ್ರೆ ತಿಂಗಳಿಗೊಂದು ಸಲ ಬರ್ತೀನಿ," ಎಂದಳು. ಅವಳು ಹೇಳಿದಂತೆ ಬಂದಳು ಕೂಡ.

ಹೋದದ್ದು ದೋಣಿ. ಇನ್ನೊಂದು ಕೊಳ್ಳುವ ಮಾತು ಸದ್ಯಕ್ಕಿಲ್ಲ. ದಕ್ಕಿದ್ದು ತಿಂಗಳಿಗೊಂದು ರಾತ್ರಿ, ಮತ್ತು ಭಯವಾದರೆ ಭಯವೆಂದು ಬಾಯಿಬಿಟ್ಟು ಹೇಳುವ ಅತ್ತೆ.